ಮುಚ್ಚಳದೊಳಗಿನ ಕೆಂಪು

“ಲಿಂಬಿಹಣ್ಣು ತಗೊಂಡ ಬಾ ಅಂದ್ರ ಲಿಂಬು ಶರಬತ್ತು ತಂದಿಯಲ್ಲೋ ಭೀಮಾಶಂಕರ!”

“ಬಿಸಲು ಹೆಂಗ ಐತಿ ನೋಡ್ರಿ ಮೇಡಂ. ಕುಡ್ಯಾಕ ಬೇಕಾಗೇತಿ ಅನ್ಕೊಂಡ್ನಿರಿ.”

“ಇದನ್ನ ನೀನ ಕುಡಿ. ನನಗ ಹಣ್ಣು ಬೇಕು. ಕೊಯ್ಯದ ಇದ್ದದ್ದು. ಓಡು.”

ಕಾನ್‌ಸ್ಟೆಬಲ್ ಭೀಮಾಶಂಕರ ಶರಬತ್ತನ್ನು ಒಂದೇ ಉಸಿರಿಗೆ ಮುಗಿಸಿ, ಮೀಸೆ ಒರೆಸಿಕೊಂಡು, ಠಾಣೆಯ ಎದುರಿನ ಚಹಾದಂಗಡಿಗೆ ಮತ್ತೆ ಓಡಿದ.

ತಿಕೋಟಾ ಠಾಣೆಯ ಪಿಎಸ್‌ಐ ಚಂದ್ರಕಲಾ ಮೇಜಿನ ಮೇಲಿದ್ದ ಬಿಳಿ ಬಶಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಬಶಿಯ ನಡುವೆ ಒಂದು ಅಲ್ಯೂಮಿನಿಯಂ ಮುಚ್ಚಳ. ಹೊನವಾಡ ರಸ್ತೆಯಲ್ಲಿರುವ ಶಿವಯೋಗೆಪ್ಪ ಸಾಹುಕಾರರ ವೈನ್ ಕಾರ್ಖಾನೆಯಲ್ಲಿ, ಈ ಮುಚ್ಚಳ ತೆಗೆದು ಸುರಿದ ವೈನ್ ಕುಡಿದ ವ್ಯಾಪಾರಿ ಹಣಮಂತರಾಯ, ವಿಜಯಪುರದ ಆಸ್ಪತ್ರೆಯಲ್ಲಿ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಬಾಟಲಿಯಲ್ಲಿ ಉಳಿದ ವೈನಿನಲ್ಲಿ ವಿಷವಿದೆ ಎಂದು ಪ್ರಯೋಗಾಲಯದ ವರದಿ ಬಂದಿತ್ತು.

ಆ ವರದಿ ಬಂದ ಮೇಲೆಯೇ ಬಿಜ್ಜರಗಿಯ ಲಲಿತಾಳನ್ನು ಹಿಡಿದು ತಂದಿದ್ದು.

ಲೆಕ್ಕ ನೇರವಾಗಿ ಕಾಣುತ್ತಿತ್ತು. ಈ ಮುಚ್ಚಳ ಬರುವಾಗ ಬರಿಯ ಟೊಪ್ಪಿಗೆಯಂತೆ ನುಣ್ಣಗಿರುತ್ತದೆ. ಬಾಟಲಿಯ ಬಾಯಿಗೆ ಇಟ್ಟರೆ, ಯಂತ್ರದ ಪುಟ್ಟ ಗಾಲಿಗಳು ಅದನ್ನು ಸುತ್ತಲೂ ಒತ್ತಿ, ಗಾಜಿನ ತಿರುಪಿಗೆ ಅಂಟುವಂತೆ ಮಾಡುತ್ತವೆ. ಮೊದಲ ಸಲ ತಿರುಗಿಸಿದಾಗ ಕೆಳಗಿನ ಬಳೆ ಕಟಕಟ ಎಂದು ಬೇರೆಯಾಗುತ್ತದೆ. ಒಮ್ಮೆ ಬೇರೆಯಾದದ್ದು ಮತ್ತೆ ಕೂಡುವುದಿಲ್ಲ. ಹಣಮಂತರಾಯನ ಎದುರಿಗೆ ಬಾಟಲಿ ತೆಗೆದಾಗ ಆ ಸದ್ದನ್ನು ಅಲ್ಲಿದ್ದವರೆಲ್ಲ ಕೇಳಿದ್ದರು. ಅಂದರೆ ವಿಷ ಮೊದಲೇ ಒಳಗಿತ್ತು. ಮುಚ್ಚಳ ಆಮೇಲೆ ಬಿತ್ತು. ಮುಚ್ಚಳ ಹಾಕುವ ಯಂತ್ರ ನಡೆಸುವವಳು ಲಲಿತಾ ಒಬ್ಬಳೇ.

ಸಂಜೆಯೊಳಗೆ ಅವಳನ್ನು ಕೋರ್ಟಿಗೆ ಹಾಜರುಪಡಿಸಿ ಎಂದು ವಿಜಯಪುರದಿಂದ ಸಾಹೇಬರ ಫೋನು ಬಂದಾಗಿತ್ತು. ಕೋರ್ಟಿನಿಂದ ಅವಳು ಹೋಗುವುದು ಜೈಲಿಗೆ. ಹೊರಗೆ ಬರುವುದು ಯಾವಾಗಲೋ, ಬಂದ ಮೇಲೆ ಆ ಹುಡುಗಿಯನ್ನು ಊರು ಹೇಗೆ ನೋಡುತ್ತದೋ, ಅದು ಚಂದ್ರಕಲಾಗೆ ಗೊತ್ತಿತ್ತು.

ಅವಳಿಗೆ ಸಮಾಧಾನವಿಲ್ಲದ್ದಕ್ಕೆ ಕಾರಣ ಈ ಮುಚ್ಚಳದ ಒಳಗಂಚಿನಲ್ಲಿತ್ತು. ಅಲ್ಲಿ ಕೆಂಪಗೆ, ಉಗುರಿನ ತುದಿಯಷ್ಟು, ಏನೋ ಒಣಗಿ ಹಿಡಿದಿತ್ತು. ವೈನಿನ ಕಲೆ ಎಂದು ಎಲ್ಲರೂ ಬಿಟ್ಟಿದ್ದರು. ಆದರೆ ಆ ಬಾಟಲಿಯಲ್ಲಿದ್ದದ್ದು ಬಿಳಿ ವೈನು.

ಇಂಥದೇ ಕೆಂಪು ಚಂದ್ರಕಲಾಳ ಖಾಕಿ ತೋಳಿನ ಮೇಲೂ ಇತ್ತು. ಖಂಡೇಪೂಜೆಯ ದಿನ, ಆಯುಧಪೂಜೆಗೆಂದು ಠಾಣೆಯ ಜೀಪಿಗೆ ಅರಿಶಿನ ಹಚ್ಚುವಾಗ ಅಂಗಿಗೆ ಬಿದ್ದ ಹಳದಿ, ಮನೆಯಲ್ಲಿ ಸಾಬೂನು ಹಾಕಿ ಒಗೆದ ಮೇಲೆ ಕೆಂಪಾಗಿ ಕೂತಿತ್ತು. ಇವತ್ತು ಬೆಳಿಗ್ಗೆ ಅಂಗಿಯ ಗುಂಡಿ ಹಾಕಿಕೊಳ್ಳುವಾಗ ಅದು ಕಣ್ಣಿಗೆ ಬಿದ್ದಿತ್ತು.

ಭೀಮಾಶಂಕರ ಹಣ್ಣು ತಂದ. ಅವನನ್ನೂ ಠಾಣೆಯ ರೈಟರನ್ನೂ ಸಾಕ್ಷಿಗೆ ಎದುರು ನಿಲ್ಲಿಸಿಕೊಂಡು ಚಂದ್ರಕಲಾ ಗುಂಡುಸೂಜಿಯಿಂದ ಕಲೆಯನ್ನು ಒಂದಿಷ್ಟೇ ಕೆರೆದು ಬಶಿಗೆ ಉದುರಿಸಿದಳು. ಉಳಿದದ್ದು ಪ್ರಯೋಗಾಲಯಕ್ಕಿರಲಿ. ನಿಂಬೆಹಣ್ಣು ಹಿಂಡಿದಳು.

ಕೆಂಪು ಪುಡಿ ನೋಡನೋಡುತ್ತ ಹಳದಿಯಾಯಿತು.

“ಯಪ್ಪಾ! ಅರಿಷಿಣ!” ಅಂದ ಭೀಮಾಶಂಕರ. “ವೈನಿಗೆ ಒಗ್ಗರಣಿ ಹಾಕ್ಯಾರೇನ್ರಿ ಮೇಡಂ?”

“ಒಗ್ಗರಣಿ ಅಲ್ಲೋ. ಮುಚ್ಚಳ ಒತ್ತಿದ ಮಷೀನಿಗೆ ಯಾರೋ ಅರಿಷಿಣ ಏರಿಸ್ಯಾರ. ಆಮ್ಯಾಲ ಯಾರೋ ಸೋಡಾನೋ ಸಾಬೂನೋ ಹಾಕಿ ತೊಳದಾರ. ತೊಳದವರಿಗೆ ಹಳದಿ ಹೋತು ಅನಿಸೇತಿ. ಅದು ಹೋಗಿಲ್ಲ, ಕೆಂಪಾಗೇತಿ.”

ಒಳಗಿನ ಕೋಣೆಯಲ್ಲಿ ಲಲಿತಾ ಗೋಡೆಗೊರಗಿ ಕೂತಿದ್ದಳು. ಬೆಳಗಿನಿಂದ ಏನೂ ತಿಂದಿರಲಿಲ್ಲ. ಮುಂದೆ ಇಟ್ಟ ಚಹಾದ ಮೇಲೆ ಕೆನೆ ಕಟ್ಟಿತ್ತು.

“ತಂಗಿ, ಖಂಡೇಪೂಜಿಗೆ ನಿಮ್ಮ ಕ್ಯಾಪ್ ಮಷೀನಿಗೆ ಅರಿಷಿಣ ಏರಿಸಿದ್ರೇನು?”

“ಇಲ್ರಿ ಮೇಡಂ. ವೈನ್ ಮಾಡೂ ಮುತ್ತು ಸರ್ ಮುಟ್ಟಗೊಡಂಗಿಲ್ರಿ. ಹೊರಗಿನ ತಗಡಿಗೆ ವಿಭೂತಿ ಎಳದು, ಊದಿನಕಡ್ಡಿ ಬೆಳಗಿ, ಕಾಯಿ ಅಂಗಳದಾಗ ಒಡದ್ವಿರಿ. ಒಳಗ ಪುಡಿ ಹೋದ್ರ ಮಷೀನ್ ಕೆಡತೈತಂತ.”

“ಇದಕ್ಕಿಂತ ಮದಲ ಬ್ಯಾರೆ ಮಷೀನ್ ಇತ್ತೇನು?”

“ಇತ್ರಿ. ಕೈಮಷೀನು. ಹಿಡಿಕಿ ಜಗ್ಗಿದ್ರ ಒಂದೊಂದ ಬಾಟ್ಲಿಗೆ ಕ್ಯಾಪ್ ಕೂಡ್ತಿತ್ತು. ಅದಕ ನಮ್ಮಪ್ಪ ಭಂಡಾರ…”

ದೇವರ ಅರಿಶಿನದ ಹೆಸರು ಬಾಯಿಗೆ ಬಂದದ್ದೇ ಹುಡುಗಿ ಮಾತು ನಿಲ್ಲಿಸಿದಳು. ಕಣ್ಣು ಚಂದ್ರಕಲಾಳ ಕೈಯಲ್ಲಿದ್ದ ಬಶಿಯ ಮೇಲೆ ಬಿದ್ದಿತ್ತು. ಹಳದಿ ನೀರು ಬಶಿಯಂಚಿಗೆ ಹರಿದು ನಿಂತಿತ್ತು.

“ಭಂಡಾರ ಏನು?”

“ಏನಿಲ್ರಿ.”

“ಆ ಮಷೀನ್ ಈಗ ಎಲ್ಲೈತಿ?”

“ಗುಜರಿಗೆ ಹೋತ್ರಿ. ಯಾವಾಗೋ ಹೋತು. ನಂಗ ಗೊತ್ತಿಲ್ರಿ.”

ಚಂದ್ರಕಲಾ ಮತ್ತೆ ಕೇಳಲಿಲ್ಲ. ನಿನ್ನೆಯಿಂದ ಈ ಹುಡುಗಿ ಅತ್ತಿದ್ದಳು, ಆಣೆ ಇಟ್ಟಿದ್ದಳು, ಬೈದೂ ಇದ್ದಳು. ಸುಳ್ಳು ಹೇಳಿದ್ದು ಈಗಲೇ ಮೊದಲು. ಅದೂ ತನ್ನನ್ನು ಉಳಿಸಿಕೊಳ್ಳುವ ಸುಳ್ಳಲ್ಲ.

*

ಕಡ್ಡಿ ಸವರುವ ಚಾಟ್ನಿ ಮುಗಿದ ದ್ರಾಕ್ಷಿ ತೋಟಗಳು ರಸ್ತೆಯ ಎರಡೂ ಕಡೆ ಬೋಳಾಗಿ ನಿಂತಿದ್ದವು. ಕತ್ತರಿಸಿದ ಕಡ್ಡಿಗಳ ತುದಿಯಲ್ಲಿ ಅಲ್ಲಲ್ಲಿ ಹಸಿರು ಕಣ್ಣು ಒಡೆದಿತ್ತು.

ಕಾರ್ಖಾನೆಯಲ್ಲಿ ಶಿವಯೋಗೆಪ್ಪ ಇರಲಿಲ್ಲ. ಹಣಮಂತರಾಯ ಬಿದ್ದ ದಿನದಿಂದ ಅವರು ವಿಜಯಪುರದ ಆಸ್ಪತ್ರೆಯಲ್ಲೇ ಇದ್ದರು. ಅವರ ತಮ್ಮನ ಮಗ ಮುತ್ತು ಗೋದಾಮಿನ ಬಾಗಿಲಲ್ಲಿ ನಿಂತಿದ್ದ. ವೈನ್ ಮಾಡುವುದನ್ನು ನಾಸಿಕದಲ್ಲಿ ಕಲಿತು ಬಂದವನು. ಗಡ್ಡ ಬೋಳಿಸಿಕೊಂಡು ಎಷ್ಟೋ ದಿನವಾಗಿತ್ತು.

ಗೋದಾಮು ತಂಪಾಗಿತ್ತು. ಎಡಗಡೆಯ ಕಪಾಟುಗಳಲ್ಲಿ ಬಾಟಲಿಗಳು ಮಲಗಿದ್ದವು. ಬಲಗಡೆಯವು ನೆಟ್ಟಗೆ ನಿಂತಿದ್ದವು.

“ಇವ್ಯಾಕ ಮಕ್ಕೊಂಡಾವ್ರಿ, ಅವ್ಯಾಕ ನಿಂತಾವು?” ಭೀಮಾಶಂಕರ ಕೇಳಿದ.

“ಮಕ್ಕೊಂಡದ್ದಕ್ಕ ಬೂಚು ಐತಿ. ಮರದ ತೊಗಟಿದು,” ಅಂದ ಮುತ್ತು. “ಅದು ಒಣಗಿದ್ರ ಸೆಟೀತೈತಿ, ಗಾಳಿ ಹೋಗ್ತೈತಿ. ಅದಕ ವೈನ್ ತಾಗೂವಂಗ ಮಲಗಸ್ತೀವಿ. ಕ್ಯಾಪ್ ಇದ್ದದ್ದಕ್ಕ ಆ ಉಪಚಾರ ಬೇಕಿಲ್ಲ.”

“ಹಂಗಾರ ಮಕ್ಕೊಂಡವು ಸಾಹುಕಾರ್ರು. ನಿಂತವು ನಮ್ಮಂಥ ಪೊಲೀಸರು.”

ಮುತ್ತು ನಗಲಿಲ್ಲ. ಚಂದ್ರಕಲಾ ಬಾಟಲಿಗಳ ಸಾಲನ್ನೇ ನೋಡುತ್ತ ಕೇಳಿದಳು. “ಅವತ್ತು ಬಿಚ್ಚಿದ್ದು ಮೂರು ಬಾಟ್ಲಿ. ಹೌದಲ್ರಿ?”

“ಹೌದ್ರಿ. ಒಂದ ಪೀಪಾಯಿ ವೈನು, ಮೂರು ಥರದ ಮುಚ್ಚಳ. ಒಂದಕ್ಕ ತೊಗಟಿ ಬೂಚು, ಒಂದಕ್ಕ ಪ್ಲಾಸ್ಟಿಕ್ ಬೂಚು, ಒಂದಕ್ಕ ಕ್ಯಾಪ್. ಯಾವುದರಾಗ ರುಚಿ ಹೆಂಗ ಉಳೀತೈತಿ ಅಂತ ತೋರಸಬೇಕಾಗಿತ್ತು. ಕ್ಯಾಪ್ ಗೆದ್ದಿದ್ರ ಇಡೀ ಕಾರ್ಖಾನಿಗೆ ಕ್ಯಾಪ್ ಹಾಕಸ್ತೀನಿ ಅಂದಿದ್ರು ದೊಡ್ಡಪ್ಪ.”

“ಹಣಮಂತರಾಯರಿಗೆ ಕ್ಯಾಪ್ ಬ್ಯಾಡಾಗಿತ್ತು.”

“ಅವರದ ಬೂಚಿನ ವ್ಯಾಪಾರ ಅಲ್ರಿ. ಬೂಚು ತೆಗದಾಗ ಡಬ್ ಅನ್ನಬೇಕು, ಆವಾಗಿದ್ರ ಅದು ವೈನು, ಇಲ್ಲಂದ್ರ ಕೆಮ್ಮಿನ ಔಷಧ ಅಂತಿದ್ರು.” ಮುತ್ತು ದನಿ ಏರಿಸಿದ. “ಒಂದು ಮಾತು ಹೇಳ್ಲೇನ್ರಿ ಮೇಡಂ? ಯಾರೂ ನಂಬವಲ್ರು. ಕ್ಯಾಪಿನ ಬಾಟ್ಲಿದು ಗ್ಲಾಸಿಗೆ ಹಾಕಿ ಕೊಟ್ನಿ. ಗ್ಲಾಸು ತುಟಿಗೆ ಹತ್ತೂಕ್ಕಿಂತ ಮದಲ ಆ ಮನಷ್ಯಾ ಮಾರಿ ಕಿವಿಚಿ, ‘ಹುಳಿ ಹೊಡದೈತಿ’ ಅಂದ. ಅಂದ ಮ್ಯಾಲ ಕುಡದ.”

“ಕುಡಿಯೂಕ್ಕಿಂತ ಮದಲ?”

“ಮದಲ.”

“ನೀವ್ಯಾಕ ಕುಡೀಲಿಲ್ಲ? ವೈನ್ ಮಾಡಿದವರು ನೀವ.”

ಮುತ್ತು ತಡವರಿಸಿದ. “ಸಿಟ್ಟು ಬಂತು. ಗ್ಲಾಸು ಅಲ್ಲೇ ಇಟ್ಟು ಹೊರಗ ಹೋದ್ನಿ.”

ಒಳ್ಳೆಯ ಸಿಟ್ಟು. ಜೀವ ಉಳಿಸಿದ ಸಿಟ್ಟು. ಚಂದ್ರಕಲಾ ಅದನ್ನು ಮನಸ್ಸಿನಲ್ಲೇ ಒಂದು ಕಡೆ ಇಟ್ಟುಕೊಂಡಳು. ಸಾಯುವ ಮಟ್ಟಕ್ಕೆ ಹೋದವನ ಮೇಲೆ ಇವನು ಹೇಳುವುದು ನಿಜವಿರಬಹುದು. ಕ್ಯಾಪನ್ನು ಗೆಲ್ಲಿಸಲು ಹೊರಟವನು ಕ್ಯಾಪಿನ ಬಾಟಲಿಗೇ ವಿಷ ಹಾಕುತ್ತಾನೆಯೇ? ಹಾಕುವುದಿಲ್ಲ ಎಂದು ಎಲ್ಲರೂ ತಿಳಿಯಲಿ ಎಂದೇ ಹಾಕಿರಲೂಬಹುದು.

“ಹಳೇ ಕೈಮಷೀನ್ ಎಲ್ಲಿ ಹೋತು?”

“ಅದಾ? ಗುಜರಿಗೆ ಹಾಕ್ರಿ ಅಂದಿದ್ನಿ. ಲಲಿತಾನ ಅಪ್ಪ ಅಮೋಘಿ ಆಗ ಇಲ್ಲೇ ಕಾವಲಿಗಿದ್ದ. ಕಾಲು ಹಿಡ್ಕೊಂಡು ಬಿಟ್ಟ. ‘ಒಮ್ಮೆ ಭಂಡಾರ ಬಿದ್ದದ್ದನ್ನ ಗುಜರಿಗೆ ಹಾಕಬಾರದ್ರಿ, ನನಗ ಕೊಡ್ರಿ, ನಾ ಪೂಜಿ ಮಾಡ್ತೀನಿ’ ಅಂದ. ಗಾಡಿಗೆ ಹೇರ್ಕೊಂಡು ಬಿಜ್ಜರಗಿಗೆ ಒಯ್ದ.”

ಲಲಿತಾ ಯಾರನ್ನು ಕಾಪಾಡುತ್ತಿದ್ದಾಳೆ ಎಂಬುದು ಈಗ ತಿಳಿಯಿತು. ತಿಳಿದು ಚಂದ್ರಕಲಾಗೆ ಸಂತೋಷವಾಗಲಿಲ್ಲ. ಮಗಳ ಯಂತ್ರದಿಂದ ಕಳಚಿದ ಗಂಟು ಹೋಗಿ ಅಪ್ಪನ ಕೊರಳಿಗೆ ಬೀಳುತ್ತಿತ್ತು.

ಮನೆಯ ಕಟ್ಟೆಯ ಮೇಲಿಂದ ಶಿವಯೋಗೆಪ್ಪನವರ ಹೆಂಡತಿ ಗೌರಾಬಾಯಿ ಕರೆದರು. “ಬರ್ರಿ ಬಾಯಾರ, ಬಿಸಲಾಗ ನಿಂತೀರಲ್ಲ. ಮಜ್ಜಿಗಿ ಕುಡೀರಿ.”

ತುಂಬಿದ ಮೈಯ ಹೆಂಗಸು. ಹಣೆಯ ಮೇಲೆ ವಿಭೂತಿ, ಮಾತಿನಲ್ಲಿ ಅಂತಃಕರಣ. ಲೋಟ ಕೈಗಿಡುತ್ತಲೇ ಕೇಳಿದರು. “ಆ ಕೂಸು ಏನರ ಉಂಡದ ಏನ್ರಿ?”

“ಉಂಡಿಲ್ರಿ.”

“ಲಲಿತಾ ನಮ್ಮ ಮನಿ ಮಗಳಿದ್ದಂಗ. ನಮ್ಮ ಮನ್ಯಾಗ ವೈನ್ ಮಾಡ್ತಾರ ಖರೆ, ಒಬ್ಬರೂ ತುಟಿಗೆ ಹಚ್ಚಂಗಿಲ್ಲ. ಹಂಥಾ ಮನ್ಯಾಗ ಹಿಂಥಾದ್ದು ಆತಲ್ಲ.” ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ, ಲೋಟ ತಿರುಗಿ ತೆಗೆದುಕೊಳ್ಳುತ್ತ, ಮೆತ್ತಗೆ, “ಆಕಿ ಏನರ ಹೇಳಿದ್ಳೇನ್ರಿ?”

“ಏನು ಹೇಳಬೇಕಾಗಿತ್ರಿ?”

“ಅಯ್ಯ, ನಂಗೇನು ಗೊತ್ತು. ಸುಮ್ನ ಕೇಳಿದೆ.”

ಹೊರಡುವಾಗ ಗೌರಾಬಾಯಿ ಭೀಮಾಶಂಕರನ ಕೈಗೆ ಒಂದು ಬಟ್ಟೆಯ ಚೀಲ ಕೊಟ್ಟರು. “ಆ ಕೂಸಿಗೆ ಒಯ್ದು ಕೊಡಪಾ. ಬಿಸಿ ರೊಟ್ಟಿ ಅವ. ಆರಿ ಹೋದಾವು.”

ಚಂದ್ರಕಲಾ ಚೀಲದ ಬಾಯಿ ಸರಿಸಿ ನೋಡಿದಳು. ಬಿಳಿ ಬಟ್ಟೆಯಲ್ಲಿ ಸುತ್ತಿದ ಜೋಳದ ರೊಟ್ಟಿ. ಶೇಂಗಾ ಚಟ್ನಿಯ ವಾಸನೆ ಬಂತು. ಹಸಿದ ಹುಡುಗಿ ಬಾಯಿ ಬಿಡುವುದಿಲ್ಲ; ಹೊಟ್ಟೆ ತುಂಬಿದರೆ ಒಂದು ಮಾತಾದರೂ ಆಡಿಯಾಳು.

“ನೀ ಬಸ್ ಹಿಡದು ತಿಕೋಟಾಕ್ಕ ಹೋಗು. ಆಕಿ ಮುಂದ ಕುಂತು ಉಣ್ಣಸು. ನಾ ಬಿಜ್ಜರಗಿಗೆ ಹೋಗಿ ಬರ್ತೀನಿ.”

“ನಾನೂ ಎರಡು ರೊಟ್ಟಿ…”

“ಆಕಿ ಬಿಟ್ರ ಉಣ್ಣು.”

*

ಅಮೋಘಿಯ ಮನೆ ಬಿಜ್ಜರಗಿಯ ಹೊರಗೆ, ಕುರಿ ಹಟ್ಟಿಯ ಪಕ್ಕಕ್ಕೆ. ಕುರಿಗಳು ಮೇಯಲು ಹೋಗಿದ್ದವು. ಅವನು ಮಾತ್ರ ಹೋಗಿರಲಿಲ್ಲ. ಕಂಬಳಿ ಹಾಸಿಕೊಂಡು ಕೂತಿದ್ದವನು ಜೀಪು ನೋಡಿ ಎದ್ದ. ಹೆಗಲಿನಿಂದ ಭಂಡಾರದ ಚೀಲ ಇಳಿಬಿದ್ದಿತ್ತು. ಹಣೆ ಹಳದಿಯಾಗಿತ್ತು.

“ನನ್ನ ಮಗಳನ್ನ ಬಿಟ್ರೇನ್ರಿ ಬಾಯಾರ?”

“ಸಂಜಿಗೆ ಕೋರ್ಟಿಗೆ ಒಯ್ಯಬೇಕಾಗೇತಿ, ಕಾಕಾ. ಅದಕ ಮದಲ ನಿಮ್ಮನ್ನ ಒಂದು ಮಾತು ಕೇಳಬೇಕು. ಆ ಹಳೇ ಕೈಮಷೀನ್ ಎಲ್ಲೈತಿ?”

ಅಮೋಘಿ ಮೊದಲು ಹೆಗಲಿನ ಚೀಲವನ್ನು ತೆಗೆದ. ಕಣ್ಣಿಗೊತ್ತಿಕೊಂಡು ಗೋಡೆಯ ಗೂಟಕ್ಕೆ ತಗುಲಿಹಾಕಿದ. ತಿರುಗಿ ಬಂದು ನಿಂತ ಮೇಲೆ ಹೇಳಿದ.

“ಗುಜರಿಯವಗ ಕೊಟ್ಟೇನ್ರಿ.”

“ಯಾವಾಗ?”

“ಹೋದ ವರ್ಷನ.”

ಚಂದ್ರಕಲಾ ಒಳಗೆ ಇಣುಕಿದಳು. ಮೂಲೆಯಲ್ಲಿ ಒಂದು ಹಾಸುಗಲ್ಲು. ಕಲ್ಲಿನ ಸುತ್ತ ಭಂಡಾರ ಚೆಲ್ಲಿತ್ತು. ನಡುವೆ ಮಾತ್ರ, ಯಂತ್ರದ ಅಡಿಗಟ್ಟಿನ ಆಕಾರಕ್ಕೆ ಸರಿಯಾಗಿ, ಹಳದಿಯಿಲ್ಲದ ಚೌಕ. ಚೌಕದ ಅಂಚಿಗೆ ಗ್ರೀಸಿನ ಜಿಡ್ಡು. ಬೆರಳಿಟ್ಟು ನೋಡಿದಳು, ಬೆರಳಿಗೆ ಹತ್ತಿತು. ಅದರ ಮೇಲೆ ಇನ್ನೂ ಧೂಳು ಕೂತಿರಲಿಲ್ಲ.

ಹೊರಗೆ ಬಂದು ಕಟ್ಟೆಯ ಮೇಲೆ ಕೂತಳು. ಅಮೋಘಿಯ ಹೆಂಡತಿ ನೀರಿನ ತಂಬಿಗೆ ತಂದಿಟ್ಟು ಬಾಗಿಲ ಮರೆಗೆ ಸರಿದಳು.

“ನನ್ನ ತವರುಮನಿ ಬಾಜೂಕನ ನಿಮ್ಮವರ ಹಟ್ಟಿ ಇತ್ತು, ಕಾಕಾ. ಭಂಡಾರ ಹೆಗಲ ಮ್ಯಾಗ ಇದ್ದಾಗ ನಿಮ್ಮವರು ಸುಳ್ಳು ಹೇಳಂಗಿಲ್ಲ ಅಂತ ನಂಗ ಗೊತ್ತೈತಿ.”

ಅಮೋಘಿ ಗೂಟದ ಕಡೆ ನೋಡಿದ.

“ನಿಮ್ಮನ್ನ ನಾ ಬೈಯಾಂಗಿಲ್ಲ, ಹೊಡ್ಯಾಂಗಿಲ್ಲ. ಗೂಟದಾಗಿಂದ ಆ ಚೀಲ ತಗೊಂಡು ಹಾಕ್ಕೋರಿ. ಗುಜರಿಗೆ ಕೊಟ್ಟೇನಿ ಅಂತ ಇನ್ನೊಮ್ಮೆ ಹೇಳ್ರಿ. ನಾ ಎದ್ದು ಹೋಗ್ತೀನಿ.”

ಅವನು ಗೂಟದ ಕಡೆ ನಡೆದ. ಕೈ ಎತ್ತಿದ. ಕೈ ಅಲ್ಲೇ ನಿಂತಿತು.

“ಯಾಕ ನಿಂತ್ರಿ?”

“ಬಾಯಾರ, ಇದರಾಗ ಸಿಗಸಬ್ಯಾಡ್ರಿ ನನ್ನ.”

“ಸಿಕ್ಕಾಕಿ ನಿಮ್ಮ ಮಗಳು. ಆ ಬಾಟ್ಲಿಗೆ ಕ್ಯಾಪ್ ಒತ್ತಿದ್ದು ನಿಮ್ಮ ಮಷೀನು ಅಂತ ಆಕಿಗೆ ತಿಳದೈತಿ. ತಿಳದೂ ನಿಮ್ಮ ಹೆಸರು ಹೇಳವಲ್ಳು. ಕೂಸು ಜೈಲಿಗೆ ಹೋಗಾಕ ತಯಾರಾಗೇತಿ, ನೀವು ಗೂಟ ಹಿಡ್ಕೊಂಡು ನಿಂತೀರಿ.”

ಬಾಗಿಲ ಮರೆಯಿಂದ ಹೆಂಗಸಿನ ದನಿ ಸಿಡಿಯಿತು. “ಹೇಳಲೇ! ಯಾರ ಸಲುವಾಗಿ ಬಾಯಿ ಹೊಲ್ಕೊಂಡಿ? ನೀ ಹೇಳ್ತಿಯೋ, ನಾ ಹೇಳ್ಲೋ?”

“ನೀ ಸುಮ್ನಿರ ಬೋರವ್ವಾ!”

“ಇದ್ದೆ. ನಿನ್ನಿಂದ ಸುಮ್ನ ಇದ್ದೆ. ಸುಮ್ನ ಇದ್ದದ್ದಕ್ಕ ಏನಾತು ನೋಡು!”

ಅಮೋಘಿ ಚೀಲ ತೆಗೆದುಕೊಂಡ. ಹೆಗಲಿಗೆ ಹಾಕಿಕೊಳ್ಳಲಿಲ್ಲ. ಎರಡೂ ಕೈಯಲ್ಲಿ ಹಿಡಿದು, ಕಂಬಳಿಯ ಮೇಲೆ ಕುಸಿದು ಕೂತ.

“ಕ್ಯಾಪ್ ಒತ್ತಿದಾವ ನಾನ್ರಿ.”

“ಬಾಟ್ಲಿ ತಂದವರು ಯಾರು?”

“ಹಣಮಂತರಾಯ ಸಾಹುಕಾರ್ರು.”

ಚಂದ್ರಕಲಾ ತಂಬಿಗೆಯನ್ನು ಕೆಳಗಿಟ್ಟಳು. “ಯಾರು?”

“ಅವರನ್ರಿ. ಈಗ ಆಸ್ಪತ್ರ್ಯಾಗ ಬಿದ್ದಾರಲ್ಲ, ಅವರ. ಖಂಡೇಪೂಜಿ ದಿನ ನಮ್ಮ ಮನಿಗೆ ಬಂದಿದ್ರು, ಪೂಜಿಗೆ ಇಟ್ಟ ಮಷೀನ್ ನೋಡಿದ್ರು. ಮುಂದ ಒಂದಿನ ಕಾರ್ಖಾನ್ಯಾಗಿನ ಬಾಟ್ಲಿ ತಂದ್ರು. ಹಳೇ ಕ್ಯಾಪು ಕತ್ತರಿಸಿ ತೆಗದಿದ್ರು. ಖಾಲಿ ಕ್ಯಾಪೂ ಅವರ ಕಡೇನ ಇದ್ವು, ಕಂಪನಿಯವರು ಮಾದರಿಗಂತ ಕೊಟ್ಟದ್ದು. ‘ವೈನ್ ಹುಳಿ ಆಗೂವಂಗ ಮಾಡೇನಿ ಅಮೋಘಿ, ಒಂದು ಕ್ಯಾಪ್ ಒತ್ತಿಕೊಡು, ತಿರುಗಿ ಅಲ್ಲೇ ಇಡ್ತೀನಿ. ಕ್ಯಾಪಿನ ವೈನ್ ಕೆಡತೈತಿ ಅಂತ ಶಿವಯೋಗೆಪ್ಪಗ ತೋರಸಬೇಕು. ಇಷ್ಟ’ ಅಂದ್ರು.”

ಗ್ಲಾಸು ತುಟಿಗೆ ತಾಗುವ ಮೊದಲೇ ಹುಳಿ ಅಂದ ಮನುಷ್ಯ. ಮುತ್ತು ಸುಳ್ಳು ಹೇಳಿರಲಿಲ್ಲ.

“ನಿಮ್ಮ ಮಗಳು ನಡಸೂ ಮಷೀನಿಗೆ ಕೆಟ್ಟ ಹೆಸರು ಬರ್ತೈತಿ ಅಂತ ಗೊತ್ತಿದ್ದೂ ಒತ್ತಿದ್ರಿ?”

“ಬ್ಯಾಸಗ್ಯಾಗ ನನ್ನ ಕುರಿ ಮೇಯೂದು ಸಾರವಾಡದಾಗ, ಅವರ ಹೊಲದಾಗ್ರಿ. ಹೆಂಗ ಒಲ್ಲೆ ಅನ್ಲಿ? ಹುಳಿ ಅಷ್ಟ ಅಂದಿದ್ರು. ಕುಡಿಯೂ ಮನಷ್ಯಾ ತಾನ ವಿಷ ಹಾಕ್ಕೊಂಡು ಬರ್ತಾನೇನ್ರಿ?” ಅವನ ಕೈಯಲ್ಲಿದ್ದ ಚೀಲದಿಂದ ಹಳದಿ ಪುಡಿ ಉದುರಿತು. “ಮಷೀನಿಗೆ ಭಂಡಾರ ಹತ್ತೇತಿ, ಕಂಡೀತು, ಒತ್ತೂಕ್ಕಿಂತ ಮದಲ ಸೋಡಾ ಹಾಕಿ ತೊಳಿ ಅಂದವರೂ ಅವರ.”

“ವೈನ್ ಹುಳಿ ಮಾಡಾಕ ಅವರು ಹಾಕಿದ್ದು ಏನು? ಅದನ್ನ ಕೊಟ್ಟವರು ಯಾರು?”

“ಅದು ನಂಗ ಗೊತ್ತಿಲ್ರಿ. ಭಂಡಾರದಾಣಿ ಗೊತ್ತಿಲ್ರಿ.”

ಈ ಸಲ ಚೀಲ ಕೈಯಲ್ಲೇ ಇತ್ತು. ಚಂದ್ರಕಲಾ ನಂಬಿದಳು. ಹಣಮಂತರಾಯ ತಾನು ತೋಡಿದ ಹಳ್ಳದಲ್ಲಿ ತಾನೇ ಬಿದ್ದಿದ್ದ. ಆದರೆ ಆ ಹಳ್ಳದ ತಳದಲ್ಲಿ ಇನ್ನೊಬ್ಬರು ಮೊಳೆ ನೆಟ್ಟಿದ್ದರು. ಅವನ ಕೈಗೆ ಹುಳಿ ಎಂದು ವಿಷ ಕೊಟ್ಟವರು.

“ಇಷ್ಟು ಗೊತ್ತಿದ್ದೂ ನಿನ್ನೆ ಠಾಣೆಗೆ ಯಾಕ ಬರಲಿಲ್ಲ?”

“ಬರೂವಿದ್ದೆ. ಹಚ್ಚಡ ಹೊದ್ಕೊಂಡು ಹೊಂಟಿದ್ದೆ. ಅಷ್ಟ್ರಾಗ ಒಂದು ಕಾರು ಬಂತು. ‘ನೀ ಬಾಯಿ ಬಿಟ್ರ ಅಪ್ಪ ಮಗಳು ಇಬ್ಬರೂ ಒಳಗ ಹೋಗ್ತೀರಿ. ಸುಮ್ನಿದ್ರ ಲಲಿತಾನ್ನ ನಾ ಬಿಡಿಸ್ಕೊಂಡು ಬರ್ತೀನಿ. ಈ ಮಷೀನ್ ನಿನ್ನ ಮನ್ಯಾಗ ಇರೂದು ಬ್ಯಾಡ, ಪೊಲೀಸರು ಬರ್ತಾರ’ ಅಂದ್ರು. ಮಷೀನು, ಉಳದಿದ್ದ ಕ್ಯಾಪು, ಎಲ್ಲಾ ಕಾರಿನಾಗ ಹಾಕಿಸ್ಕೊಂಡು ಹೋದ್ರು. ತೊಳದು ಇಡ್ತೀನಿ ಅಂದ್ರು.”

“ಯಾರು?”

ಬೋರವ್ವ ಬಾಗಿಲು ದಾಟಿ ಹೊರಗೆ ಬಂದಳು.

“ಗೌರಾಬಾಯಿ ಅಕ್ಕಾರು,” ಅಂದಳು. “ನಮ್ಮ ಕೂಸಿನ ಗಲ್ಲ ಹಿಡದು ಮಗಳ ಅಂತಿದ್ರಲ್ಲ, ಅವರ.”

ಕುರಿ ಹಟ್ಟಿಯಿಂದ ಒಂದು ಮರಿ ಕೂಗಿತು. ಚಂದ್ರಕಲಾಗೆ ಅದು ಕೇಳಿಸಿದ್ದು ಆಮೇಲೆ. ಅವಳ ಕಣ್ಣ ಮುಂದೆ ಒಂದು ಬಟ್ಟೆಯ ಚೀಲ ಇತ್ತು. ಮೇಲೆ ರೊಟ್ಟಿ. ರೊಟ್ಟಿಯ ಕೆಳಗೆ ಏನಿದೆ ಎಂದು ಅವಳು ನೋಡಿರಲಿಲ್ಲ.

ಫೋನ್ ತೆಗೆದಳು. ಭೀಮಾಶಂಕರ ಎತ್ತಿಕೊಳ್ಳುವ ಹೊತ್ತಿಗೆ ಅವಳು ಜೀಪಿನ ಹತ್ತಿರ ಬಂದಾಗಿತ್ತು.

“ಹಲೋ, ಮೇಡಂ. ಮುಟ್ಟೇನ್ರಿ. ಲಲಿತಾ ಉಣ್ಣಾಕತ್ತಾಳ್ರಿ. ಎರಡು ರೊಟ್ಟಿ ಖಾಲಿ. ನನಗ ಒಂದ ಕೊಟ್ಳು, ಜಿಪುಣಿ.”

“ಭೀಮಾಶಂಕರ, ಚೀಲದಾಗ ಏನೇನಿತ್ತು?”

“ರೊಟ್ಟಿ, ಚಟ್ನಿ, ಎಣ್ಣಿಗಾಯಿ. ತಳದಾಗ ಒಂದು ದ್ರಾಕ್ಷಿ ರಸದ ಬಾಟ್ಲಿ ಇತ್ರಿ. ವೈನಲ್ರಿ, ರಸ. ಸೀಲ್ ನೋಡೇನ್ರಿ, ಗಟ್ಟಿ ಐತಿ. ಯಾರೂ ತೆಗದಿಲ್ಲ. ಖಾರಾ ಹತ್ತೇತಿ ಅಂದ್ಳು, ಅದಕ…”

“ಅದನ್ನ ಕಸ್ಕೋ! ತೆಗ್ಯಾಕ ಕೊಡಬ್ಯಾಡ!”

“ಏನಂದ್ರಿ? ಇಲ್ಲಿ ಟ್ರ್ಯಾಕ್ಟರ್ ಹೊಂಟೈತ್ರಿ, ಕೇಳವಲ್ದು.”

“ಬಾಟ್ಲಿ ಕಸ್ಕೋ ಅಂದೆ!”

ಟ್ರ್ಯಾಕ್ಟರಿನ ಸದ್ದು ದೂರವಾಯಿತು. ಅದರ ಹಿಂದೆ, ಫೋನಿನೊಳಗಿಂದ, ಸಣ್ಣಗೆ, ಸ್ಪಷ್ಟವಾಗಿ ಆ ಸದ್ದು ಬಂತು.

ಕಟ, ಕಟ, ಕಟ.

ಆಮೇಲೆ ಯಾರೋ ಗುಟುಕರಿಸಿದ ಸದ್ದು. ಚಂದ್ರಕಲಾ ಫೋನನ್ನು ಕಿವಿಗೆ ಒತ್ತಿ ಹಿಡಿದು ಕೂಗಿದಳು, ಮತ್ತೆ ಕೂಗಿದಳು. ಕೊನೆಗೆ ದೂರದಿಂದ ಲಲಿತಾಳ ದನಿ ಕೇಳಿಸಿತು.

“ಭೀಮಣ್ಣಾ, ಇಲ್ಲಿ ನೋಡ್ರಿ. ಈ ಕ್ಯಾಪು ನನ್ನ ಮಷೀನಿಂದಲ್ಲ. ಒಳಗ ಕೆಂಪಗ ಏನೋ ಹತ್ತೇತಿ…”

ಅವಳದೇ ದನಿಯಲ್ಲಿ ಒಂದು ಕೆಮ್ಮು. ಇನ್ನೊಂದು ಕೆಮ್ಮು. ಗಾಜು ನೆಲಕ್ಕೆ ಬಿದ್ದು ಒಡೆದ ಸದ್ದಿನೊಂದಿಗೆ ಫೋನು ಕಟ್ಟಾಯಿತು.